ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಬರಲಿ

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಕನ್ನಡ ಕಾರ್ಯಕರ್ತರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ)



ನಾನು ಪಿಯುಸಿ ಓದಿದವನು, ಪ್ರೆಸ್ ನಡೆಸುವವನು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ ಅಚ್ಚು ಹಾಕುವುದು ನನ್ನ ಕಸುಬು. ಅಂಥವನು ವೆಬ್‌ಸೈಟು, ಪಿಎಚ್‌ಪಿ ಎಂದು ಮಾತಾಡುವುದೇಕೆ ಎಂದು ನೀವು ಕೇಳಬಹುದು. ಕಾರಣ ಇಷ್ಟೇ. ರಸೀದಿ ಪುಸ್ತಕ ಮಾಡಿಸಲು ಬಂದವರೇ ಈಗ "ನಮಗೊಂದು ವೆಬ್‌ಸೈಟೂ ಮಾಡಿಕೊಡ್ರಿ" ಎನ್ನುತ್ತಾರೆ. ಅಕ್ಷರದ ಕೆಲಸ ಕಾಗದದಿಂದ ಕಂಪ್ಯೂಟರಿಗೆ ಹೋಯಿತು. ಅಕ್ಷರದ ಹಿಂದೆ ನಾನೂ ಹೋದೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುವ ನಾವು, ಕಂಪ್ಯೂಟರಿನೊಳಗೆ ಕನ್ನಡ ಎಲ್ಲಿ ಕೆಡುತ್ತದೆ ಎಂದು ನೋಡದೆ ಬಿಟ್ಟರೆ ಅರ್ಧ ಕೆಲಸ ಮಾಡಿದಂತಾಗುತ್ತದೆ.

ಮೊದಲು ಈ ವ್ಯವಹಾರ ಹೇಗೆ ನಡೆಯುತ್ತದೆ ನೋಡೋಣ. ಯಲಬುರ್ಗಾದ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ವಿಳಾಸ ಒತ್ತುತ್ತಾನೆ. ಬ್ರೌಸರು ದೂರದ ಸರ್ವರಿಗೆ "ಈ ಪುಟ ಕೊಡು" ಎಂದು ಕೇಳುತ್ತದೆ. ಸರ್ವರಿನಲ್ಲಿರುವ ಪಿಎಚ್‌ಪಿ ಬರಹ ಅಲ್ಲಿಯೇ ಓಡಿ ಉತ್ತರ ಸಿದ್ಧಮಾಡಿ ಕಳಿಸುತ್ತದೆ. ಪಿಎಚ್‌ಪಿಯನ್ನು 1995ರಲ್ಲಿ ಹೊರತಂದವರು ರಾಸ್ಮಸ್ ಲೆರ್ಡಾರ್ಫ್. ಅದು ದುಡ್ಡಿಲ್ಲದೆ ಸಿಗುತ್ತದೆ, ಕಡಿಮೆ ಬಾಡಿಗೆಯ ಸರ್ವರಿನಲ್ಲೂ ಓಡುತ್ತದೆ. ಅದಕ್ಕೇ ಸಣ್ಣ ಊರಿನ ಸೈಟುಗಳಿಗೆ ಒಗ್ಗುತ್ತದೆ. ದೊಡ್ಡವರೂ ಅದನ್ನು ಬಿಟ್ಟಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು ಬರೆದಿರುವುದು ಪಿಎಚ್‌ಪಿಯಲ್ಲೇ.

ಸರ್ವರಿನ ಉತ್ತರಕ್ಕೆ ಮೂರು ಭಾಗ. ಮೊದಲ ಸಾಲಿನಲ್ಲಿ ಒಂದು ಅಂಕಿ: ಕೆಲಸ ಆಯಿತೋ ಇಲ್ಲವೋ ಎಂದು ಹೇಳುವುದು. ಅದರ ಕೆಳಗೆ ಹೆಡರುಗಳು. ಆಮೇಲೆ ಒಂದು ಖಾಲಿ ಸಾಲು ಬಿಟ್ಟು ನಮ್ಮ ಕಣ್ಣಿಗೆ ಕಾಣುವ ಪುಟ. ಪ್ರೆಸ್ಸಿನ ಮಾತಿನಲ್ಲಿ ಹೇಳಬೇಕೆಂದರೆ, ಪುಟ ಎಂಬುದು ಬಂಡಲಿನೊಳಗಿನ ಹಾಳೆ, ಹೆಡರ್ ಎಂಬುದು ಬಂಡಲಿನ ಮೇಲೆ ಅಂಟಿಸಿದ ಚೀಟಿ. ನಾನು ಅದನ್ನು ಹಣೆಬರಹ ಎನ್ನುತ್ತೇನೆ. ಓದುಗನಿಗೆ ಅದು ಕಾಣುವುದಿಲ್ಲ, ಆದರೆ ಪುಟದ ಗತಿ ನಿರ್ಧಾರವಾಗುವುದು ಅಲ್ಲೇ.

ಆ ಹಣೆಬರಹದಲ್ಲಿ ಕನ್ನಡಕ್ಕೆ ಬಹಳ ಬೇಕಾದ ಸಾಲು ಒಂದಿದೆ. "ಕಂಟೆಂಟ್-ಟೈಪ್: ಟೆಕ್ಸ್ಟ್/ಎಚ್‌ಟಿಎಂಎಲ್; ಚಾರ್‌ಸೆಟ್=ಯುಟಿಎಫ್-8". ನಾನು ಕನ್ನಡದಲ್ಲಿ ಬರೆದಿದ್ದೇನೆ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಪಿಎಚ್‌ಪಿಯಲ್ಲಿ 'ಹೆಡರ್' ಎಂಬ ಆಜ್ಞೆಯ ಆವರಣದೊಳಗೆ ಈ ಸಾಲು ಇಟ್ಟರೆ ಆಯಿತು. ಬರುವ ಬೈಟುಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಎಂದು ಇದು ಬ್ರೌಸರಿಗೆ ತಿಳಿಸುತ್ತದೆ. ತಿಳಿಸದಿದ್ದರೆ ಬ್ರೌಸರು ಊಹೆ ಮಾಡುತ್ತದೆ. ಊಹೆ ತಪ್ಪಿದರೆ ನಮ್ಮ ಒಂದೊಂದು ಅಕ್ಷರವೂ ಗೀಟು ಹೊತ್ತ ಯುರೋಪಿನ ಅಕ್ಷರಗಳಾಗಿ ಒಡೆದು ಬೀಳುತ್ತದೆ.

ನಮ್ಮೂರಿನವರಿಗೆ ಇದನ್ನು ದೂರದಿಂದ ಹೇಳಬೇಕಾಗಿಲ್ಲ. ಕೊಪ್ಪಳದ ಗವಿಮಠದ ಬಳಿಯೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಕಲ್ಲಿನ ಮೇಲೆ ಅಕ್ಷರ ಉಳಿದಿತ್ತು. ಆದರೆ ಬ್ರಾಹ್ಮಿಯನ್ನು ಓದುವ ಬಗೆಯೇ ಮರೆತುಹೋಗಿತ್ತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವ ತನಕ ಅಂಥ ಶಾಸನಗಳು ಬರೀ ಗೀಚಿನಂತೆ ನಿಂತಿದ್ದವು. ಅಕ್ಷರ ಇದ್ದರೆ ಸಾಲದು, ಓದುವ ಬಗೆಯೂ ಜೊತೆಗೆ ಬರಬೇಕು. ಚಾರ್‌ಸೆಟ್ ಮಾಡುವುದು ಅದೇ ಕೆಲಸ.

2014ರಲ್ಲಿ ಬಂದ 5.6ನೇ ಆವೃತ್ತಿಯಿಂದ ಪಿಎಚ್‌ಪಿ ತಾನಾಗಿಯೇ ಯುಟಿಎಫ್-8 ಎಂದು ಬರೆಯುತ್ತದೆ. ಆದರೆ ಯಾರೋ ಹಿಂದೆ ಬದಲಿಸಿಟ್ಟ ಸೆಟ್ಟಿಂಗ್ ಇದ್ದರೆ ಅದೇ ನಡೆಯುತ್ತದೆ. ಆದ್ದರಿಂದ ನಂಬಿ ಕೂರಬೇಡಿ, ತೆಗೆದು ನೋಡಿ. ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪೇಜ್‌ಮೇಕರಿನಲ್ಲಿ ಇಟ್ಟ ಬರಹ ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಕ್ಕೆ ಕನ್ನಡದ ವೇಷ ಹಾಕಿದ್ದು. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಒಳಗಿನ ಸರಕೇ ಬೇರೆಯಾಗಿದ್ದರೆ ಮೇಲಿನ ಚೀಟಿ ಏನು ಮಾಡೀತು?

ಹಣೆಬರಹವನ್ನು ಹುಟ್ಟುವ ಮೊದಲೇ ಬರೆದಿರುತ್ತಾರೆ ಎನ್ನುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಪುಟದ ಒಂದೇ ಒಂದು ಅಕ್ಷರ ಹೊರಟಿತೆಂದರೆ ಹೆಡರ್ ಮುಗಿದಂತೆ. ಆಮೇಲೆ ಬರೆಯಹೋದರೆ "ಹೆಡರ್ ಆಗಲೇ ಹೋಗಿದೆ" ಎಂದು ಪಿಎಚ್‌ಪಿ ತಕರಾರು ಮಾಡುತ್ತದೆ. ನಮ್ಮ ಹುಡುಗರು ಇಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ, ಏಕೆಂದರೆ ಅವರು ಮೊದಲು ಏನನ್ನೂ ಬರೆದಿರುವುದಿಲ್ಲ. ಕಳ್ಳ ಕಡತದ ತುದಿಯಲ್ಲಿ ಅಡಗಿರುತ್ತಾನೆ. ಕನ್ನಡ ಬರೆಯಲೆಂದು ಯುಟಿಎಫ್-8ನಲ್ಲಿ ಉಳಿಸುವಾಗ ಹಳೆಯ ವಿಂಡೋಸಿನ ನೋಟ್‌ಪ್ಯಾಡು ಕಡತದ ಆರಂಭಕ್ಕೆ ಕಣ್ಣಿಗೆ ಕಾಣದ ಮೂರು ಬೈಟು ಸೇರಿಸುತ್ತಿತ್ತು. ಅದಕ್ಕೆ 'ಬಿಓಎಂ' ಎಂದು ಹೆಸರು. ಆ ಮೂರು ಬೈಟೇ ಮೊದಲು ಹೊರಟು ಹೆಡರಿನ ದಾರಿ ಮುಚ್ಚುತ್ತದೆ. ಉಳಿಸುವಾಗ 'ಬಿಓಎಂ ಇಲ್ಲದ ಯುಟಿಎಫ್-8' ಆರಿಸಿಕೊಳ್ಳಿ. ಪಿಎಚ್‌ಪಿ ಶುರುವಾಗುವ ಗುರುತಿಗಿಂತ ಮುಂಚೆ ಒಂದು ಖಾಲಿ ಜಾಗವನ್ನೂ ಬಿಡಬೇಡಿ.

ಈಗ ಲೆಕ್ಕದ ಮಾತು. ಕೊಪ್ಪಳ ಎಂದರೆ ಎಷ್ಟು ಅಕ್ಷರ? ಬಾಯಲ್ಲಿ ಹೇಳಿದರೆ 3. ಯೂನಿಕೋಡಿನಲ್ಲಿ ಕ, ಒತ್ವ, ಪ, ವಿರಾಮ, ಪ, ಳ ಎಂದು 6. ಒಂದೊಂದಕ್ಕೂ 3 ಬೈಟಿನಂತೆ ಒಟ್ಟು 18. ಮೊಳೆ ಜೋಡಿಸುತ್ತಿದ್ದ ಕಾಲದಲ್ಲೂ ಒತ್ತಿಗೆ ಬೇರೆ ಮೊಳೆಯೇ ಇತ್ತು, ಆದ್ದರಿಂದ ಪ್ರೆಸ್ಸಿನವರಿಗೆ ಇದು ಹೊಸದಲ್ಲ. 'ಕಂಟೆಂಟ್-ಲೆಂತ್' ಎಂಬ ಹೆಡರು ಕೇಳುವುದು ಬೈಟಿನ ಲೆಕ್ಕ. ಅಲ್ಲಿ 18 ಎನ್ನುವ ಬದಲು 6 ಎಂದು ಬರೆದರೆ ಬ್ರೌಸರು 6 ಬೈಟು ತೆಗೆದುಕೊಂಡು ಕೈ ತೊಳೆದುಕೊಳ್ಳುತ್ತದೆ. ನಮ್ಮ ಜಿಲ್ಲೆಯ ಹೆಸರು 'ಕೊ' ಎಂದು ನಿಂತುಬಿಡುತ್ತದೆ! ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದೇ ಬೈಟು, ಆದ್ದರಿಂದ ಅವರ ಪರೀಕ್ಷೆಯಲ್ಲಿ ಈ ತಪ್ಪು ಸಿಕ್ಕಿಬೀಳುವುದೇ ಇಲ್ಲ. ಕನ್ನಡದಲ್ಲಿ ಪರೀಕ್ಷಿಸಿದರೆ ಮಾತ್ರ ಸಿಗುತ್ತದೆ.

ಇನ್ನು ಮೊದಲ ಸಾಲಿನ ಅಂಕಿ. ಇದು ನ್ಯಾಯದ ಪ್ರಶ್ನೆ, ಗಮನವಿಟ್ಟು ಓದಿ. 200 ಎಂದರೆ ಕೆಲಸ ಆಯಿತು. 301 ಎಂದರೆ ಪುಟ ಕಾಯಂ ಆಗಿ ಬೇರೆ ವಿಳಾಸಕ್ಕೆ ಹೋಗಿದೆ. 404 ಎಂದರೆ ಆ ಪುಟ ಇಲ್ಲ. ಒಟ್ಟಿನಲ್ಲಿ 4ರಿಂದ ಶುರುವಾದರೆ ಕೇಳಿದ್ದರಲ್ಲಿ ದೋಷ, 5ರಿಂದ ಶುರುವಾದರೆ ಕೊಡುವವರಲ್ಲಿ ದೋಷ. ಕುಷ್ಟಗಿಯ ಶೇಂಗಾ ಬೆಳೆಗಾರನೊಬ್ಬ ಸೊಸೈಟಿಯ ಸೈಟಿನಲ್ಲಿ ಅರ್ಜಿ ತುಂಬಿದ ಎನ್ನಿ. ಸರ್ವರು ಕೆಟ್ಟು ಅರ್ಜಿ ದಾಖಲಾಗಲಿಲ್ಲ. ಆಗ 500 ಎನ್ನಬೇಕು. ಅದು ಬಿಟ್ಟು 200 ಎಂದರೆ ಅವನ ಮೊಬೈಲಿನ ಆ್ಯಪು 'ಅರ್ಜಿ ತಲುಪಿದೆ' ಎಂದು ನಂಬುತ್ತದೆ. ಅವನೂ ನಂಬಿ ಹೊಲಕ್ಕೆ ಹೋಗುತ್ತಾನೆ. 400 ಎಂದರೆ ತಪ್ಪು ರೈತನ ತಲೆಗೆ ಬಂತು. ಸುಳ್ಳು ಅಂಕಿ ಕಳಿಸುವುದೆಂದರೆ ಖೊಟ್ಟಿ ರಸೀದಿ ಹರಿದು ಕೊಟ್ಟಂತೆ. ಪಿಎಚ್‌ಪಿಯಲ್ಲಿ 'ಎಚ್‌ಟಿಟಿಪಿ ರೆಸ್ಪಾನ್ಸ್ ಕೋಡ್' ಎಂಬ ಆಜ್ಞೆಗೆ ಅಂಕಿ ಕೊಟ್ಟರೆ ಸಾಕು, ಸತ್ಯ ಹೇಳಲು ಒಂದೇ ಸಾಲು.

ಅಂಕಿ ಯಂತ್ರಕ್ಕೆ, ಮಾತು ಮನುಷ್ಯನಿಗೆ. ಕನ್ನಡ ವಿಕಿಪೀಡಿಯವನ್ನೇ ನೋಡಿ. ಇಲ್ಲದ ಲೇಖನ ಕೇಳಿದರೆ ಯಂತ್ರಕ್ಕೆ 404 ಹೋಗುತ್ತದೆ, ಓದುಗನಿಗೆ ಮಾತ್ರ ಆ ಪುಟ ಇನ್ನೂ ಇಲ್ಲವೆಂದು ಕನ್ನಡದಲ್ಲೇ ತಿಳಿಸುತ್ತದೆ. ಹೆಡರಿನಲ್ಲಿ 'ಕಂಟೆಂಟ್-ಲ್ಯಾಂಗ್ವೇಜ್: ಕೆಎನ್' ಎಂದು ಪುಟದ ಭಾಷೆಯನ್ನೂ ಸಾರುತ್ತದೆ. ಕೆಎನ್ ಎಂದರೆ ಕನ್ನಡಕ್ಕೆ ಜಗತ್ತು ಒಪ್ಪಿದ ಗುರುತು. ನಮ್ಮ ಸಣ್ಣ ಸೈಟುಗಳಲ್ಲಿ ಎಲ್ಲ ಸರಿ ಇದ್ದಾಗ ಕನ್ನಡ, ಎಡವಟ್ಟಾದ ಕೂಡಲೇ ಇಂಗ್ಲಿಷ್ ಏಕೆ? ಮನುಷ್ಯನಿಗೆ ತನ್ನ ಭಾಷೆ ಹೆಚ್ಚು ಬೇಕಾಗುವುದು ಕಷ್ಟದಲ್ಲಿಯೇ ಅಲ್ಲವೇ?

ಈ ಭಾಗದ ಹಿರಿಯರಿಗೆ ಆ ಕಷ್ಟ ಗೊತ್ತು. 1948ರ ಸೆಪ್ಟೆಂಬರ್‌ವರೆಗೆ ಈ ನಾಲ್ಕೂ ತಾಲ್ಲೂಕು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಉರ್ದುವಿನ ಮೇಲೆ ನಮಗೆ ಸಿಟ್ಟಿಲ್ಲ, ಅದು ನಮ್ಮ ನೆರೆಯವರ ಭಾಷೆ. ಆದರೆ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಸ್ಥಿತಿ ಸಣ್ಣದಲ್ಲ. ಕನ್ನಡನಾಡು ಒಂದಾಗಿ, 1963ರಲ್ಲಿ ರಾಜಭಾಷಾ ಕಾಯಿದೆಯೂ ಬಂದ ಮೇಲೆ, ಅದೇ ಸ್ಥಿತಿ ಮೊಬೈಲಿನೊಳಗೆ ಮತ್ತೆ ಹುಟ್ಟಬಾರದು.

ಆದ್ದರಿಂದ ಬಂಧುಗಳೇ, ಘೋಷಣೆಯ ಜೊತೆಗೆ ಒಂದು ಕೆಲಸ ಮಾಡಿ. ನಿಮ್ಮೂರಿನ ಶಾಲೆ, ಸೊಸೈಟಿ, ಸಂಘದ ಸೈಟನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಎಫ್ 12 ಗುಂಡಿ ಒತ್ತಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಪುಟವನ್ನು ಮತ್ತೊಮ್ಮೆ ತರಿಸಿ. ಮೊದಲ ಸಾಲಿನ ಮೇಲೆ ಒತ್ತಿದರೆ ಹಣೆಬರಹವೆಲ್ಲ ಕಾಣುತ್ತದೆ. ಚಾರ್‌ಸೆಟ್ ಯುಟಿಎಫ್-8 ಇದೆಯೇ? ಭಾಷೆ ಕೆಎನ್ ಎಂದಿದೆಯೇ? ಇಲ್ಲದ ಪುಟ ಕೇಳಿದಾಗ ಅಂಕಿ 404 ಬಂದು, ವಿವರ ಕನ್ನಡದಲ್ಲಿದೆಯೇ? ಇಲ್ಲದಿದ್ದರೆ ಸೈಟು ಮಾಡಿದವರಿಗೆ ಪ್ರೀತಿಯಿಂದ ತಿಳಿಸಿ. ಮೊದಲೆರಡಕ್ಕೆ ಎರಡು ಸಾಲು ಸಾಕು, ಮೂರನೆಯದಕ್ಕೆ ಒಂದು ಮಧ್ಯಾಹ್ನದ ಕೆಲಸ. ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.

ಸಾವಿರದ ನೂರು ವರ್ಷಗಳ ಹಿಂದೆಯೇ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸಿದೆ. ಆ ಕೊಪಣದ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಕನ್ನಡದಲ್ಲಿ ಬರಲಿ, ಪೂರ್ತಿ ಬರಲಿ, ನಿಜ ಹೇಳಲಿ.