ಕಂಡವರು ಬರೆಯಲಿ

1948ರಲ್ಲಿ ಅಮೆರಿಕದ ಪ್ರಾಧ್ಯಾಪಕ ರಿಚರ್ಡ್ ಡಫಿನ್ ತಮ್ಮ 19 ವರ್ಷದ ವಿದ್ಯಾರ್ಥಿ ಜಾನ್ ನ್ಯಾಶ್‌ಗಾಗಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ ಬರೆದರು. ಕೆಲವೇ ಸಾಲು. ಹುಡುಗ ಗಣಿತದ ಮಹಾ ಪ್ರತಿಭೆ ಎಂಬುದೇ ಅದರ ಸಾರ. ಮುಂದೆ 1994ರಲ್ಲಿ ನ್ಯಾಶ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಡಫಿನ್ ಪಾಠ ಹೇಳಿದವರು, ಕಂಡದ್ದನ್ನೇ ಬರೆದರು.

ವಿದೇಶದ ಕಾಲೇಜಿಗೆ ಅರ್ಜಿ ಹಾಕುವ ನಮ್ಮ ಮಕ್ಕಳು ಇಂಥ ಶಿಫಾರಸು ಪತ್ರಕ್ಕಾಗಿ ದೊಡ್ಡ ಹುದ್ದೆಯವರ ಸಹಿಗೆ ಅಲೆಯುತ್ತಾರೆ. ಆದರೆ ಮಕ್ಕಳೇ, ಲ್ಯಾಬಿನಲ್ಲಿ ಕೆಟ್ಟ ಪ್ರಯೋಗವನ್ನು ನೀವು ಹಟ ಹಿಡಿದು ಮತ್ತೆ ಮಾಡಿದ್ದನ್ನು ನೋಡಿದ ಮೇಷ್ಟ್ರೇ ನಿಮ್ಮ ಬಗ್ಗೆ ಸತ್ವವುಳ್ಳ ಮಾತು ಬರೆಯಬಲ್ಲರು. ಒಂದು ತಿಂಗಳು ಮೊದಲೇ ಕೇಳಿ. ಅಂಕಪಟ್ಟಿ, ಕೊನೆಯ ದಿನಾಂಕ ಕೊಡಿ. ಸೀಟು ಸಿಗಲಿ, ಬಿಡಲಿ, ಅವರಿಗೆ ತಿಳಿಸಿ.

ಮೇಷ್ಟ್ರೇ, ‘ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ’ ಎನ್ನಬೇಡಿ. ನಿಮ್ಮ ಅರ್ಧ ಗಂಟೆ ಒಂದು ಮಗುವಿನ ದಾರಿ ತೆರೆಯಬಲ್ಲದು.