ಮರಿಕೋಳಿಗೆ 'ಸಾಕು' ಎನ್ನುವವರು ಯಾರು?

(ಹೌನ್ಸ್ಲೋದ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಾಠ)



ಸಸ್ಯಾಹಾರಿಗಳಾದ ಹಿರಿಯರು ಮೊದಲಿಗೇ ಕ್ಷಮಿಸಬೇಕು. ನಾವು ಇಂದು ಹೇಳಹೊರಟಿರುವುದು ಅಡುಗೆಯ ವಿಷಯವಲ್ಲ, ಹಸಿವಿನ ವಿಷಯ. ಊರಿನ ಹಿತ್ತಿಲಲ್ಲಿ ನಮ್ಮಲ್ಲಿ ಹಲವರು ಕಂಡ ದೃಶ್ಯವೊಂದುಂಟು. ಹೇಂಟೆ ನೆಲ ಕೆದಕಿ ಕರೆಯುತ್ತದೆ. ಮರಿಗಳು ಓಡಿಬಂದು ನುಚ್ಚು ಹೆಕ್ಕುತ್ತವೆ. ತುಸು ಹೊತ್ತಿನಲ್ಲಿ ತಾವಾಗಿಯೇ ನಿಲ್ಲಿಸಿ ತಾಯಿಯ ರೆಕ್ಕೆಯಡಿ ಸೇರುತ್ತವೆ. ಸಾಕೆಂದು ಅವಕ್ಕೆ ತಿಳಿಸಿದವರು ಯಾರು?

ಮೊಟ್ಟೆಯೊಡೆದು ಬಂದ ಮರಿ ಎರಡು ದಿನ ಏನೂ ತಿನ್ನದೆ ಬದುಕಬಲ್ಲುದು. ಮೊಟ್ಟೆಯ ಹಳದಿಯ ಶೇಷ ಅದರ ಹೊಟ್ಟೆಯೊಳಗೇ ಬುತ್ತಿಯಾಗಿರುತ್ತದೆ. ಆ ಬಳಿಕ ಊಟದ ಲೆಕ್ಕವನ್ನು ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಇಡುತ್ತದೆ. ಅಲ್ಲಿಯ ನ್ಯೂರೋಪೆಪ್ಟೈಡ್ ವೈ ಎಂಬ ವಸ್ತು 'ತಿನ್ನು' ಎನ್ನುತ್ತದೆ. ಕರುಳಿನಿಂದ ಬರುವ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು 'ಸಾಕು' ಎನ್ನುತ್ತದೆ. ಇಷ್ಟರ ಮಟ್ಟಿಗೆ ಮರಿಗೂ ಮನುಷ್ಯನಿಗೂ ಭೇದವಿಲ್ಲ. (ಮಗುವಿಗೆ 'ಇನ್ನೊಂದೇ ತುತ್ತು' ಎಂದು ಒತ್ತಾಯಿಸುವ ತಾಯಂದಿರು ಈ ಎರಡನೆಯ ದನಿಯೊಡನೆಯೇ ವಾದಕ್ಕಿಳಿದಿರುತ್ತಾರೆ.)

ಭೇದ ಕಾಣುವುದು ಗ್ರೆಲಿನ್ ಎಂಬ ಹಾರ್ಮೋನಿನಲ್ಲಿ. ಜಠರದಲ್ಲಿ ಹುಟ್ಟುವ ಇದನ್ನು 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮತ್ತು ಸಂಗಡಿಗರು ಕಂಡುಹಿಡಿದರು. 2001ರಲ್ಲಿ, ನಮಗೆ ದೂರವಲ್ಲದ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಂಶೋಧಕರು ಒಂಬತ್ತು ಮಂದಿ ಸ್ವಯಂಸೇವಕರ ರಕ್ತಕ್ಕೆ ಅದನ್ನು ಹರಿಸಿದಾಗ, ಅವರು ಶೇಕಡ 28ರಷ್ಟು ಹೆಚ್ಚು ಉಂಡರು. ಅದೇ ವರ್ಷ ಜಪಾನಿನಲ್ಲಿ ಎಳೆಯ ಕೋಳಿಮರಿಗಳ ಮೆದುಳಿಗೆ ಅದನ್ನೇ ಚುಚ್ಚಿದಾಗ ಅವು ತಿನ್ನುವುದನ್ನು ಕಡಿಮೆ ಮಾಡಿದವು! ಮನುಷ್ಯನಿಗೆ ಊಟದ ಕರೆಯಾದುದು ಮರಿಯ ಮೆದುಳಿನಲ್ಲಿ ತಡೆಯಾಗುತ್ತದೆ.

ನಮ್ಮನ್ನು ಹೆಚ್ಚು ಕಾಡಿದ್ದು ಮಾತ್ರ 'ಸಾಕು' ಎಂಬ ದನಿಯ ಕಥೆ. ಎಡಿನ್‌ಬರೋ ಸಮೀಪದ ರಾಸ್ಲಿನ್ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದಂತೆ, ಬೇಗ ಬೆಳೆಯುವ ಕೋಳಿಗಳಲ್ಲಿ ಕೋಲಿಸಿಸ್ಟೋಕೈನಿನ್ ಅನ್ನು ಗ್ರಹಿಸುವ ಗ್ರಾಹಕವೇ ಕಡಿಮೆ. ದನಿ ಇದೆ, ಕೇಳುವ ಕಿವಿ ಮಂದವಾಗಿದೆ. ತಲೆತಲಾಂತರದಿಂದ ದೊಡ್ಡ ಕೋಳಿಯನ್ನೇ ಆರಿಸಿಕೊಂಡು ಬಂದ ಮನುಷ್ಯ, ತನಗರಿವಿಲ್ಲದೆ ಈ ಕಿವುಡನ್ನೂ ಆರಿಸಿಕೊಂಡಿದ್ದಾನೆ.

ಮಾಂಸದ ಮರಿ ಐದಾರು ವಾರಗಳಲ್ಲಿ ಕಸಾಯಿಖಾನೆ ಸೇರುತ್ತದೆ. ಅದಕ್ಕೆ ಹೊಟ್ಟೆಬಿರಿಯೆ ತಿನ್ನಲು ಬಿಡುತ್ತಾರೆ. ಆದರೆ ಅದರ ತಂದೆತಾಯಿಗಳು ವರ್ಷಕ್ಕೂ ಮಿಕ್ಕಿ ಬದುಕಿ ಸಂತಾನ ಕೊಡಬೇಕು. ಬೇಕಾದಷ್ಟು ಕೊಟ್ಟರೆ ಅವು ಬೊಜ್ಜು ಬೆಳೆಸಿ, ಕಾಲು ಸೋತು, ಮೊಟ್ಟೆಯಿಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಆದ್ದರಿಂದ ಬೆಳೆಯುವ ವಯಸ್ಸಿನಲ್ಲಿ ಅವುಗಳಿಗೆ ಸಿಗುವುದು ತಿನ್ನಬಯಸುವುದರ ಅರ್ಧಕ್ಕಿಂತಲೂ ಕಡಿಮೆ. ಬರಿದಾದ ತೊಟ್ಟಿಯನ್ನು ಅವು ಕುಟುಕುತ್ತಲೇ ಇರುತ್ತವೆ. ಇದು ಅಕ್ರಮವೆಂದು ಕಂಪ್ಯಾಶನ್ ಇನ್ ವರ್ಲ್ಡ್ ಫಾರ್ಮಿಂಗ್ ಸಂಸ್ಥೆ ಸರ್ಕಾರದ ಮೇಲೆ ಹೂಡಿದ ದಾವೆ 2003ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2004ರಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು.

ನ್ಯಾಯಾಲಯ ನೋಡಿದ್ದು ಕಾನೂನನ್ನು. ನಮ್ಮ ಮಟ್ಟಿಗೆ, ತಪ್ಪು ತೊಟ್ಟಿಯದಲ್ಲ, ತಳಿಯ ಆಯ್ಕೆಯದು. ನಿಧಾನವಾಗಿ ಬೆಳೆಯುವ ತಳಿಗಳ ತಂದೆತಾಯಿಗಳನ್ನು ಇಷ್ಟು ಉಪವಾಸ ಕೆಡವಬೇಕಾಗಿಲ್ಲ. ಅಂತಹ ಕೋಳಿಗೆ ಅಂಗಡಿಯಲ್ಲಿ ಬೆಲೆ ಹೆಚ್ಚು. ಕೊಳ್ಳುವವರು ಪೊಟ್ಟಣದ ಚೀಟಿಯನ್ನು ಓದಿ ನೋಡಬಹುದು.