ನಾಣ್ಯದ ಮೇಲೆ ಬಿತ್ತುತ್ತಾ ನಡೆದವಳು

ಒಂದಿಡೀ ದೇಶವನ್ನು ಹೆಬ್ಬೆರಳಿನಷ್ಟು ಜಾಗದಲ್ಲಿ ತೋರಿಸಬೇಕಾದಾಗ ನಾಣ್ಯದ ಕಲಾವಿದರು ಹೆಣ್ಣಿನ ರೂಪವನ್ನು ನೆಚ್ಚಿಕೊಂಡರು. ಅವಳು ಕೂತಿದ್ದಾಳೋ, ನಿಂತಿದ್ದಾಳೋ, ನಡೆಯುತ್ತಿದ್ದಾಳೋ ಎಂಬುದರಲ್ಲೇ ಆ ದೇಶದ ಸ್ಥಿತಿಗತಿ ಅಡಗಿರುತ್ತದೆ.

ಯೆಹೂದ್ಯರ ನಾಡಾದ ಜುದೇಯವನ್ನು ಗೆದ್ದ ರೋಮನ್ ಚಕ್ರವರ್ತಿ ವೆಸ್ಪೇಸಿಯನ್ ಹೊರಡಿಸಿದ ನಾಣ್ಯಗಳಲ್ಲಿ ಖರ್ಜೂರದ ಮರದ ಬುಡದಲ್ಲಿ ಒಬ್ಬ ಹೆಂಗಸು ದುಃಖದಿಂದ ಕುಗ್ಗಿ ಕೂತಿದ್ದಾಳೆ. ಸೋತ ನಾಡು ಅವಳು. ಬ್ರಿಟನ್ನಿನ ಹೆಣ್ಣುರೂಪವಾದ ಬ್ರಿಟಾನಿಯಾ ಕೂಡ ಮೊದಲು ಕಾಣಿಸಿಕೊಂಡದ್ದು ರೋಮನ್ನರ ನಾಣ್ಯದ ಮೇಲೆ, ಅವರ ಆಳ್ವಿಕೆಗೆ ಒಳಪಟ್ಟ ಪ್ರಾಂತ್ಯವಾಗಿ. 1672ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಅವಳನ್ನು ತನ್ನ ತಾಮ್ರದ ಕಾಸಿನ ಮೇಲೆ ಗೌರವದಿಂದ ಕೂರಿಸಿದ. 1797ರ ಪೆನ್ನಿಯಲ್ಲಿ ಅವಳ ಕೈಗೆ ತ್ರಿಶೂಲ ಬಂತು, ಕಡಲಿನ ಒಡೆತನದ ಗುರುತಾಗಿ. ಪೂರ್ವದೇಶಗಳ ವ್ಯಾಪಾರಕ್ಕೆಂದು 1895ರಿಂದ ಟಂಕಿಸಿದ ಬೆಳ್ಳಿ ಡಾಲರಿನಲ್ಲಂತೂ ಎದ್ದೇ ನಿಂತಳು. ಆ ಡಾಲರುಗಳಲ್ಲಿ ಬಹುಪಾಲು ನಮ್ಮ ಬೊಂಬಾಯಿಯ ಟಂಕಸಾಲೆಯವು. ತ್ರಿಶೂಲದ ನಡುಮೊನೆಯಲ್ಲಿ ಬೊಂಬಾಯಿಯ ‘ಬಿ’ ಅಕ್ಷರವಿದೆ; ಭೂತಗನ್ನಡಿ ಹಿಡಿದರೆ ಕಾಣುತ್ತದೆ.

ಆದರೆ ನನ್ನ ಮನಸ್ಸು ಸೋತದ್ದು ಫ್ರಾನ್ಸಿನ ಬಿತ್ತುವಾಕೆಗೆ. ಆಸ್ಕರ್ ರೋಟಿ ಎಂಬ ಕಲಾವಿದ ಕೃಷಿ ಇಲಾಖೆಯ ಪದಕಕ್ಕೆಂದು 1887ರಲ್ಲಿ ಅವಳನ್ನು ಕಲ್ಪಿಸಿದ. ಆ ಪದಕ ಬರಲೇ ಇಲ್ಲ. ಹತ್ತು ವರ್ಷದ ಮೇಲೆ, 1897ರಲ್ಲಿ, ಅವಳು ಬೆಳ್ಳಿಯ ಐವತ್ತು ಸೆಂಟೀಮಿನ ಮೇಲೆ ಬಂದಳು. ಆ ನಾಣ್ಯದ ಅಗಲ ಬರೀ 18 ಮಿಲಿಮೀಟರ್! ಅಷ್ಟರಲ್ಲೇ ಹೊಲವಿದೆ, ದಿಗಂತದಲ್ಲಿ ಏಳುತ್ತಿರುವ ಸೂರ್ಯನಿದ್ದಾನೆ. ತಲೆಯ ಮೇಲೆ ಸ್ವಾತಂತ್ರ್ಯದ ಕುರುಹಾದ ಫ್ರಿಜಿಯನ್ ಟೊಪ್ಪಿಗೆ, ಪಕ್ಕದಲ್ಲಿ ಬೀಜದ ಚೀಲ, ಬೀಸಿ ಚಾಚಿದ ಬಲಗೈ. ಕತ್ತಿಯಿಲ್ಲ, ಗುರಾಣಿಯಿಲ್ಲ, ಸಿಂಹಾಸನವಿಲ್ಲ. ಗಣರಾಜ್ಯವೆಂದರೆ ದುಡಿಯುವ ಹೆಣ್ಣು ಎಂದು ಒಂದು ಸರ್ಕಾರ ತನ್ನ ಹಣದ ಮೇಲೆ ಅಚ್ಚೊತ್ತಿತಲ್ಲ, ಅದು ಸಣ್ಣ ಧೈರ್ಯವಲ್ಲ.

ಗಾಳಿಗೆ ಎದುರಾಗಿ ಯಾರಾದರೂ ಬೀಜ ಚೆಲ್ಲುತ್ತಾರೆಯೇ ಎಂದು ಆಗಲೇ ಆಕ್ಷೇಪ ಎದ್ದಿತ್ತು. ಹೊಲದಲ್ಲಿ ಕೆಲಸ ಮಾಡಿದವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಆ ಎದುರುಗಾಳಿಯನ್ನು ತೆಗೆದುಬಿಟ್ಟರೆ ಚಿತ್ರವೇ ನಿಂತುಹೋಗುತ್ತದೆ. ಉಡುಪು ಮೊಣಕಾಲಿಗೆ ಒತ್ತಿಕೊಂಡು ಹಿಂದಕ್ಕೆ ಹಾರುವುದರಿಂದಲೇ ಅವಳ ಹೆಜ್ಜೆ ನಮಗೆ ಕಾಣುವುದು. ಉಬ್ಬು ಕೂದಲೆಳೆಯಷ್ಟು, ಅದರಲ್ಲೇ ಬಟ್ಟೆಯ ಒಂದೊಂದು ನಿರಿಗೆಯೂ ಬಿಡಿಬಿಡಿಯಾಗಿದೆ. ಸೂರ್ಯಕಿರಣಗಳಂತೂ ಬರೀ ಗೀರುಗಳು. ರೋಟಿಯ ಕೈಚಳಕವೆಲ್ಲ ಈ ಹಿಡಿತದಲ್ಲಿದೆ.

1960ರಲ್ಲಿ ಹೊಸ ಫ್ರಾಂಕ್ ಬಂದಾಗ ಫ್ರೆಂಚರು ಮತ್ತೆ ಅವಳನ್ನೇ ಕರೆತಂದರು. ಫ್ರಾಂಕ್ ಹೋಗಿ ಯೂರೋ ಬಂದ ಮೇಲೂ 2024ರವರೆಗೆ ಬಿಟ್ಟುಕೊಡಲಿಲ್ಲ. ಫ್ರಾನ್ಸಿನಿಂದ ಬಂದ ನೆಂಟರು ಯಾರಾದರೂ ಚಿಲ್ಲರೆ ತಂದಿದ್ದರೆ ಅದಕ್ಕೂ ಮುಂಚಿನ ಹತ್ತು, ಇಪ್ಪತ್ತು, ಐವತ್ತು ಸೆಂಟಿನ ನಾಣ್ಯಗಳನ್ನು ಕೇಳಿ ಪಡೆಯಿರಿ. ದೀಪಕ್ಕೆ ನೇರವಾಗಿ ಬೇಡ, ಓರೆಯಾಗಿ ಹಿಡಿದು ನೋಡಿ.